ಕ್ರೋಕಿಂಗ್ ಗೌರಾಮಿ ಸದ್ದು ನಿಲ್ಲಿಸಿವೆ, ಎರಡು ಸತ್ತವು. ನೀರೆಲ್ಲ ಸರಿ ಇದೆ, ಯಾರಾದರೂ ಸಹಾಯ ಮಾಡಿ

ಕುಕ್ಕರಹಳ್ಳಿ_77 | ಶನಿವಾರ, ರಾತ್ರಿ 9:50

ತಲೆ ಕೆಟ್ಟು ಹೋಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಏಪ್ರಿಲ್‌ನಲ್ಲಿ ಆರು ಕ್ರೋಕಿಂಗ್ ಗೌರಾಮಿ ತಂದೆ, ಸದ್ದು ಮಾಡುವ ಸಣ್ಣ ಮೀನು. ಎರಡು ಅಡಿ ಟ್ಯಾಂಕ್, ಸ್ಪಾಂಜ್ ಫಿಲ್ಟರ್, ಜಾವಾ ಮಾಸ್, ಒಂದಿಷ್ಟು ಕ್ರಿಪ್ಟ್ ಗಿಡ, ಮೇಲೆ ಅಂತರಗಂಗೆ. ಬೇರೆ ಮೀನು ಯಾವುದೂ ಇಲ್ಲ. ಎರಡು ತಿಂಗಳು ಬಹಳ ಚೆನ್ನಾಗಿದ್ದವು. ಸಂಜೆ ಟಿವಿ ಆರಿಸಿ ಕೂತರೆ ಸೋಫಾದವರೆಗೂ ಕೇಳಿಸುತ್ತಿತ್ತು, ಕರ್ರ್... ಕರ್ರ್ ಅಂತ, ಬಾಚಣಿಗೆ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ. ಮಗಳು ಅದನ್ನು ಕೇಳಿಸಿಕೊಂಡೇ ನಿದ್ದೆ ಹೋಗುತ್ತಿದ್ದಳು.

ಈಗ ಮೂರು ವಾರದಿಂದ ಒಂದೇ ಒಂದು ಸದ್ದಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಎಲ್ಲವೂ ಮೂಲೆ ಸೇರಿರುತ್ತವೆ, ಮತ್ತೆ ಮತ್ತೆ ಮೇಲೆ ಬಂದು ಗಾಳಿ ಎಳೆಯುತ್ತವೆ. ಒಂದು ಮೀನು ಈಜುವಾಗ ಒಂದು ಕಡೆಗೆ ವಾಲುತ್ತದೆ, ಆಮೇಲೆ ಬೆಚ್ಚಿದ ಹಾಗೆ ಥಟ್ಟನೆ ಓಡಿ ಗಾಜಿಗೆ ಬಡಿಯುತ್ತದೆ. ಹೋದ ಮಂಗಳವಾರ ಒಂದು ಸತ್ತಿತು, ಇವತ್ತು ಬೆಳಗ್ಗೆ ಇನ್ನೊಂದು. ಗಾಯ ಇಲ್ಲ, ಬಿಳಿ ಚುಕ್ಕೆ ಇಲ್ಲ, ಹೊಟ್ಟೆ ಉಬ್ಬಿಲ್ಲ. ನೀರೆಲ್ಲ ಸರಿ ಇದೆ. ಅಂಗಡಿಯಲ್ಲಿ ಕೇಳಿದ್ದಕ್ಕೆ ಒಂದು ನೀಲಿ ಔಷಧಿ ಕೊಟ್ಟರು, ಹಾಕಿದೆ, ಏನೂ ಪ್ರಯೋಜನ ಆಗಲಿಲ್ಲ.

ಉಳಿದ ನಾಲ್ಕನ್ನಾದರೂ ಉಳಿಸಿಕೊಳ್ಳಬೇಕು. ಏನು ಮಾಡಲಿ?

ನೀರು_ಮೊದಲು | ಶನಿವಾರ, ರಾತ್ರಿ 10:05

"ನೀರೆಲ್ಲ ಸರಿ ಇದೆ" ಅಂದರೆ ನಮಗೇನು ತಿಳಿಯುತ್ತದೆ ಸರ್? ಲೆಕ್ಕ ಕೊಡಿ. ಅಮೋನಿಯಾ ಎಷ್ಟು, ನೈಟ್ರೈಟ್ ಎಷ್ಟು, ಪಿಎಚ್ ಎಷ್ಟು, ಟಿಡಿಎಸ್ (ನೀರಲ್ಲಿ ಕರಗಿದ ಲವಣ) ಎಷ್ಟು? ನಲ್ಲಿ ನೀರಾ, ಬೋರ್‌ವೆಲ್ಲಾ? ವಾರಕ್ಕೆ ಎಷ್ಟು ಬದಲಾಯಿಸುತ್ತೀರಿ? ಮೊದಲು ಆ ನೀಲಿ ಔಷಧಿ ನಿಲ್ಲಿಸಿ, ರೋಗ ಗೊತ್ತಿಲ್ಲದೆ ಔಷಧಿ ಹಾಕಬಾರದು.

ಕುಕ್ಕರಹಳ್ಳಿ_77 | ಶನಿವಾರ, ರಾತ್ರಿ 10:31

ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 10. ಪಿಎಚ್ 7.8. ಟಿಡಿಎಸ್ 410, ಬೋರ್‌ವೆಲ್ ನೀರು. ಪ್ರತಿ ಭಾನುವಾರ ಕಾಲು ಭಾಗ ಬದಲಾಯಿಸುತ್ತೇನೆ. ಏಪ್ರಿಲ್‌ನಿಂದ ಇದೇ ನೀರು, ಇದೇ ಕ್ರಮ.

ನೀರು_ಮೊದಲು | ಶನಿವಾರ, ರಾತ್ರಿ 10:38

ಸಿಕ್ಕಿತಲ್ಲ ಕಾರಣ. 410! ಇವು ಮೆದು ನೀರಿನ ಮೀನು. ಕಲ್ಲಿನಂಥ ನೀರಲ್ಲಿ ಎರಡು ತಿಂಗಳು ತಡೆದುಕೊಂಡವು, ಈಗ ಸೋತಿವೆ. ಅರ್ಧ ಆರ್‌ಒ ನೀರು, ಅರ್ಧ ಬೋರ್‌ವೆಲ್ ಬೆರೆಸಿ ನಿಧಾನಕ್ಕೆ 200ಕ್ಕೆ ಇಳಿಸಿ. ಎರಡು ಬಾದಾಮಿ ಎಲೆ ಹಾಕಿ. ಒಂದು ವಾರದಲ್ಲಿ ಸರಿಹೋಗುತ್ತವೆ.

ತೋಡುಮೀನು_ಕುಡ್ಲ | ಶನಿವಾರ, ರಾತ್ರಿ 11:12

ಇಲ್ಲ ಮಾರಾಯ್ರೆ, ಅಷ್ಟು ಬೇಗ ತೀರ್ಪು ಕೊಡಬೇಡಿ. ಇದು ಗದ್ದೆಯ ಮೀನು. ಗೊಬ್ಬರದ ನೀರು, ಕೊಳೆತ ಹುಲ್ಲು, ಆಮ್ಲಜನಕವೇ ಇಲ್ಲದ ಗುಂಡಿ, ಎಲ್ಲದರಲ್ಲೂ ಬದುಕುವ ಜಾತಿ. 410 ಟಿಡಿಎಸ್‌ಗೆ ಸಾಯುವುದಿಲ್ಲ. ನಮ್ಮ ಕರಾವಳಿಯ ತೋಡು, ಗದ್ದೆಗಳಲ್ಲಿ ಇದರ ನೆಂಟ ಒಂದಿದೆ, ಸೂಡೋಸ್ಫ್ರೊಮೆನಸ್ ಕುಪಾನಸ್. ಚಿಕ್ಕಂದಿನಲ್ಲಿ ಬೈರಾಸಿನಲ್ಲಿ ಹಿಡಿದು ಬಾಟಲಿಯಲ್ಲಿ ಇಡುತ್ತಿದ್ದೆವು. ಎರಡಕ್ಕೂ ಹೆಸರಿಟ್ಟವನು ಒಬ್ಬನೇ, ಫ್ರಾನ್ಸಿನ ಜೀವವಿಜ್ಞಾನಿ ಕುವಿಯೇ, ಅದೂ ಒಂದೇ ವರ್ಷ, 1831ರಲ್ಲಿ. ನನ್ನ ಹತ್ತಿರ ಈಗಲೂ ಎಂಟು ಕುಪಾನಸ್ ಇವೆ, ಅಂಗಳದ ಸಿಮೆಂಟ್ ತೊಟ್ಟಿಯಲ್ಲಿ, ಫಿಲ್ಟರ್ ಇಲ್ಲ, ಹೀಟರ್ ಇಲ್ಲ, ಮಳೆನೀರು ಬಿಟ್ಟರೆ ಬೇರೆ ನೀರು ಹಾಕಿದ್ದೇ ಇಲ್ಲ.

ನೀರು_ಮೊದಲು | ಶನಿವಾರ, ರಾತ್ರಿ 11:20

ಮಳೆನೀರು ಅಂದರೆ ಟಿಡಿಎಸ್ 20 ಸರ್! ನೀವು ಹೇಳಿದ್ದು ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ.

ತೋಡುಮೀನು_ಕುಡ್ಲ | ಶನಿವಾರ, ರಾತ್ರಿ 11:26

ಸಿಮೆಂಟ್ ತೊಟ್ಟಿ ಅಂದೆ. ಸಿಮೆಂಟಿನಲ್ಲಿ ನಿಂತ ನೀರು 20 ಇರುವುದಿಲ್ಲ. ಅಳೆದು ನೋಡಿ ಆಮೇಲೆ ಮಾತಾಡೋಣ.

ಹಸಿರುಟ್ಯಾಂಕ್_ಬೆಂಗಳೂರು | ಭಾನುವಾರ, ಬೆಳಗ್ಗೆ 7:40

ಬ್ರೋ, ನಿಮ್ಮದು ನಿಜವಾಗಿ ಕ್ರೋಕಿಂಗೇನಾ, ಸ್ಪಾರ್ಕ್ಲಿಂಗಾ? ಅಂಗಡಿಗಳಲ್ಲಿ ಎರಡನ್ನೂ ಒಂದೇ ಹೆಸರಲ್ಲಿ ಮಾರುತ್ತಾರೆ. ಸ್ಪಾರ್ಕ್ಲಿಂಗ್ ಅಂದರೆ ಟ್ರೈಕಾಪ್ಸಿಸ್ ಪ್ಯುಮಿಲ, ನಾಲ್ಕು ಸೆಂಟಿಮೀಟರ್ ದಾಟುವುದಿಲ್ಲ. ನಿಮ್ಮದು ಕ್ರೋಕಿಂಗ್, ಅಂದರೆ ವಿಟಾಟ ಆದರೆ ಆರು ಏಳು ಸೆಂಟಿಮೀಟರ್ ಬರುತ್ತದೆ, ಮೈ ಮೇಲೆ ಉದ್ದಕ್ಕೆ ಕಪ್ಪು ಪಟ್ಟೆಗಳು. ನಾನು ಪ್ಯುಮಿಲ ಇಟ್ಟಿದ್ದೇನೆ, ನಾಲ್ಕು ಅಡಿ ಟ್ಯಾಂಕ್, ಸಿಒ2 ಇದೆ, ಕ್ಯಾನಿಸ್ಟರ್ ಫಿಲ್ಟರ್, ಲೈಟು ಮೊಬೈಲಿನಲ್ಲೇ ಏರಿಸಿ ಇಳಿಸಬಹುದು, ಕಾರ್ಪೆಟ್ ಗಿಡ ಪೂರ್ತಿ ತುಂಬಿದೆ. ಹನ್ನೆರಡು ಪ್ಯುಮಿಲ, ಮೂವತ್ತು ರಾಸ್ಬೋರಾ. ಒಂದೂ ಸತ್ತಿಲ್ಲ. ಫೋಟೊ ಹಾಕಿದ್ದೇನೆ ನೋಡಿ. ಇನ್ನೊಂದು ವಿಷಯ, ಸದ್ದು ಬರುವುದು ಲ್ಯಾಬಿರಿಂತ್‌ನಿಂದ, ಅಂದರೆ ಮೇಲಿನ ಗಾಳಿ ಉಸಿರಾಡುವ ಅಂಗದಿಂದ. ಅದು ಕೆಟ್ಟರೆ ಸದ್ದೂ ಹೋಗುತ್ತದೆ. ಅದಕ್ಕೇ ನಿಮ್ಮ ಮೀನಿನ ಲ್ಯಾಬಿರಿಂತ್‌ಗೆ ಸೋಂಕಾಗಿದೆ ಅಂತ ನನ್ನ ಊಹೆ.

ಗೂಡುನೊರೆ_ಶಿವಮೊಗ್ಗ | ಭಾನುವಾರ, ಬೆಳಗ್ಗೆ 9:15

ಟ್ಯಾಂಕ್ ಚೆನ್ನಾಗಿದೆ, ಆದರೆ ಸದ್ದಿನ ವಿಷಯ ತಪ್ಪು. ಲ್ಯಾಬಿರಿಂತ್ ಇರುವುದು ಉಸಿರಾಟಕ್ಕೆ. ಸದ್ದು ಬರುವುದು ಎದೆಯ ಎರಡು ರೆಕ್ಕೆಗಳಿಂದ. ರೆಕ್ಕೆಯ ಬುಡದಲ್ಲಿ ದಪ್ಪನೆಯ ಎರಡು ಸ್ನಾಯುರಜ್ಜು ಇವೆ. ರೆಕ್ಕೆ ಬಡಿದಾಗ ಅವು ಬಿಗಿಯಾಗಿ ರೆಕ್ಕೆಯ ಕಡ್ಡಿಗಳ ಉಬ್ಬಿನ ಮೇಲೆ ಜಾರಿ ಹೊಡೆಯುತ್ತವೆ. ವೀಣೆ ತಂತಿ ಮೀಟಿದ ಹಾಗೆ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಫ್ರೀಡ್ರಿಕ್ ಲಾಡಿಕ್ ಅಂತ ವಿಜ್ಞಾನಿ ದಶಕಗಳ ಕಾಲ ಈ ಮೀನುಗಳ ಸದ್ದನ್ನೇ ಅಧ್ಯಯನ ಮಾಡಿದ್ದಾರೆ. ಹೆಣ್ಣೂ ಸದ್ದು ಮಾಡುತ್ತದೆ, ಆದರೆ ಅದರ ಈ ರಜ್ಜು ಗಂಡಿನಷ್ಟು ಬೆಳೆದಿರುವುದಿಲ್ಲ. ಎರಡು ಗಂಡು ಪಕ್ಕಪಕ್ಕ ನಿಂತು, ಒಂದರ ತಲೆ ಇನ್ನೊಂದರ ಬಾಲದ ಕಡೆ ಮಾಡಿ, ರೆಕ್ಕೆ ಬಿಚ್ಚಿ ಸುತ್ತುತ್ತಾ ಕರ್ರ್ ಅನ್ನಿಸುತ್ತವೆ. ಮಧ್ಯೆ ಎರಡೂ ಮೇಲೆ ಹೋಗಿ ಉಸಿರು ತೆಗೆದುಕೊಂಡು ಬಂದು ಮತ್ತೆ ಶುರು ಮಾಡುತ್ತವೆ. ಮೈಯಲ್ಲಿ ಕಸುವಿದ್ದರೆ ಮಾತ್ರ ಇದೆಲ್ಲ. ಹುಷಾರಿಲ್ಲದ ಮೀನು ಜಗಳಕ್ಕೆ ಹೋಗುವುದಿಲ್ಲ.

ಕುಕ್ಕರಹಳ್ಳಿ ಅವರೇ, ನಿಮ್ಮ ಪೋಸ್ಟಿನಲ್ಲಿ ನನಗೆ ಕಾಡುತ್ತಿರುವುದು ಒಂದೇ ಮಾತು, "ಬೆಳಗ್ಗೆ ಎದ್ದು ನೋಡಿದರೆ". ಸಂಜೆ ಹೊತ್ತಿಗೆ ಸ್ವಲ್ಪ ಸುಧಾರಿಸುತ್ತವಾ? ಟ್ಯಾಂಕ್ ಫೋಟೊ ಹಾಕಿ, ಮೀನಿನದ್ದು ಮಾತ್ರ ಅಲ್ಲ, ಸುತ್ತಮುತ್ತ ಎಲ್ಲ ಕಾಣುವ ಹಾಗೆ.

ಹಸಿರುಟ್ಯಾಂಕ್_ಬೆಂಗಳೂರು | ಭಾನುವಾರ, ಬೆಳಗ್ಗೆ 9:30

ಸರಿ ಮೇಡಂ, ರೆಕ್ಕೆ ವಿಷಯ ಗೊತ್ತಿರಲಿಲ್ಲ, ಒಪ್ಪಿದೆ.

ನೀರು_ಮೊದಲು | ಭಾನುವಾರ, ಬೆಳಗ್ಗೆ 9:44

ಬೆಳಗ್ಗೆ ಕೆಡುವುದಕ್ಕೆ ಕಾರಣ ಸುಲಭ. ರಾತ್ರಿ ಗಿಡಗಳೂ ಆಮ್ಲಜನಕ ಎಳೆಯುತ್ತವೆ. ಗಟ್ಟಿ ನೀರಿನಿಂದ ಮೊದಲೇ ಸುಸ್ತಾದ ಮೀನಿಗೆ ಅದು ಇನ್ನೊಂದು ಹೊಡೆತ. ಟಿಡಿಎಸ್ ಇಳಿಸಿ ಅಂತ ಮತ್ತೆ ಹೇಳುತ್ತೇನೆ.

ಚಾವೋಫ್ರಾಯಾ_ಕನ್ನಡಿಗ | ಭಾನುವಾರ, ಮಧ್ಯಾಹ್ನ 12:20

ಆಮ್ಲಜನಕ ಕಡಿಮೆಯಾದರೆ ಸಾಯುವ ಮೀನಲ್ಲ ಇದು. ನಾನು ಆರು ವರ್ಷದಿಂದ ಥಾಯ್ಲೆಂಡಿನಲ್ಲಿದ್ದೇನೆ, ಬ್ಯಾಂಕಾಕಿನ ಉತ್ತರಕ್ಕೆ ರಂಗ್ಸಿತ್ ಕಡೆ. ರಾಜ ಚುಲಾಲೊಂಗ್‌ಕೊರ್ನ್ ಕಾಲದಲ್ಲಿ ತೋಡಿದ ಕಾಲುವೆಗಳು ಇಲ್ಲಿ ಗೆರೆ ಎಳೆದ ಹಾಗೆ ಸಾಲಾಗಿವೆ, ಅವುಗಳ ಪಕ್ಕದಲ್ಲಿ ಇನ್ನೂ ಒಂದಿಷ್ಟು ಭತ್ತದ ಗದ್ದೆ ಉಳಿದಿವೆ. ವಿಟಾಟಕ್ಕೆ ಇಲ್ಲಿನವರು ಪ್ಲಾ ಕ್ರಿಮ್ ಖ್ವಾಯ್ ಅನ್ನುತ್ತಾರೆ. ಪ್ಲಾ ಅಂದರೆ ಮೀನು, ಖ್ವಾಯ್ ಅಂದರೆ ಎಮ್ಮೆ.

ಮಳೆಗಾಲದಲ್ಲಿ ಕಾಲುವೆ ತುಂಬಿ ನೀರು ಗದ್ದೆಗೆ ಹತ್ತಿದಾಗ ಇವೂ ಹತ್ತುತ್ತವೆ. ಮೊಣಕಾಲುದ್ದದ ಪೈರಿನ ಸಂದಿಯಲ್ಲಿ ಕೂತು ನೋಡಿದ್ದೇನೆ. ನೀರು ಒಂದು ಗೇಣು ಕೂಡ ಇರುವುದಿಲ್ಲ, ಮಧ್ಯಾಹ್ನ ಕೈ ಹಾಕಿದರೆ ಸ್ನಾನದ ನೀರಿನಷ್ಟು ಬಿಸಿ. ಸುಮ್ನೆ ಅಲ್ಲಾಡದೆ ಕೂತರೆ ಒಂದೊಂದೇ ಸಣ್ಣ ಬಾಯಿ ಮೇಲೆ ಬಂದು ಗಾಳಿ ಕಚ್ಚಿಕೊಂಡು ಕೆಳಗೆ ಹೋಗುತ್ತದೆ, ನೀರಿನ ಮೇಲೆ ಒಂದು ಉಂಗುರ ಮಾತ್ರ ಉಳಿಯುತ್ತದೆ. ಅಂಥ ನೀರಲ್ಲಿ ಕಿವಿರಿನಿಂದ ಮಾತ್ರ ಉಸಿರಾಡುವ ಮೀನು ಒದ್ದಾಡಿ ಸಾಯುತ್ತದೆ. ಇದು ಬದುಕುವುದೇ ಮೇಲಿನ ಗಾಳಿಯಿಂದ. ಫೈಟರ್ ಮೀನು, ಅಂದರೆ ಇಲ್ಲಿನ ಪ್ಲಾ ಕಟ್, ಅದೂ ಇದೇ ಗದ್ದೆಗಳದ್ದೇ. 2019ರಲ್ಲಿ ಥಾಯ್ ಸರ್ಕಾರ ಅದನ್ನು ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ವಿಟಾಟವನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ನನಗಂತೂ ಅದರ ಮೇಲೆ ಫೈಟರ್‌ಗಿಂತ ಪ್ರೀತಿ ಜಾಸ್ತಿ.

ಅದಕ್ಕೇ ಹೇಳುತ್ತೇನೆ, ನೀರು ಅಳೆದದ್ದು ಸಾಕು. ಟ್ಯಾಂಕ್ ಮೇಲಿನ ಗಾಳಿ ಹೇಗಿದೆ? ಮುಚ್ಚಳ ಇದೆಯಾ? ಮೇಲೆ ಫ್ಯಾನ್ ಇದೆಯಾ?

ಕುಕ್ಕರಹಳ್ಳಿ_77 | ಭಾನುವಾರ, ಸಂಜೆ 6:05

ಎಲ್ಲರಿಗೂ ಧನ್ಯವಾದ. ಮುಚ್ಚಳ ಇತ್ತು, ಬೇಸಿಗೆಯಲ್ಲಿ ನೀರು ಬಿಸಿಯಾಗುತ್ತದೆ ಅಂತ ತೆಗೆದೆ, ಮತ್ತೆ ಹಾಕಿಲ್ಲ. ಫ್ಯಾನ್ ಇದೆ, ಆದರೆ ದೂರ. ಗೂಡುನೊರೆ ಮೇಡಂ, ನೀವು ಕೇಳಿದ್ದು ನಿಜ, ಈಗ ಸಂಜೆ ನೋಡಿದರೆ ಬೆಳಗ್ಗೆಗಿಂತ ಪರವಾಗಿಲ್ಲ. ಒಂದು ಊಟವನ್ನೂ ಮಾಡಿತು. ವಾಲುವ ಮೀನು ಮಾತ್ರ ಹಾಗೇ ಇದೆ. ಮೂರು ಫೋಟೊ ಹಾಕಿದ್ದೇನೆ. ಎರಡು ಬಾದಾಮಿ ಎಲೆಯನ್ನೂ ಹಾಕಿದೆ. ಆರ್‌ಒ ನೀರು ನಾಳೆಯಿಂದ.

ತೋಡುಮೀನು_ಕುಡ್ಲ | ಭಾನುವಾರ, ಸಂಜೆ 6:30

ಮುಚ್ಚಳ ಇಲ್ಲದ್ದೇ ಕಾರಣ ನೋಡಿ. ಮಳೆ ಶುರುವಾಗಿ ಗಾಳಿ ತಣ್ಣಗಾಗಿದೆ. ತಣ್ಣನೆ ಗಾಳಿ ಎಳೆದರೆ ಲ್ಯಾಬಿರಿಂತ್‌ಗೆ ಪೆಟ್ಟು. ಹಳೆಯ ಸಾಕಣೆದಾರರೆಲ್ಲ ಹೇಳುವ ಮಾತು.

ನೀರು_ಮೊದಲು | ಭಾನುವಾರ, ಸಂಜೆ 6:41

ಕುಕ್ಕರಹಳ್ಳಿ ಅವರ ಮೈಸೂರಿನಲ್ಲಿ ಅಂಥ ಚಳಿ ಏನಿದೆ ಸರ್ ಈಗ? ನಿಮ್ಮ ಅಂಗಳದ ತೊಟ್ಟಿಗೆ ಮುಚ್ಚಳ ಇದೆಯಾ?

ತೋಡುಮೀನು_ಕುಡ್ಲ | ಭಾನುವಾರ, ಸಂಜೆ 6:45

ನನ್ನದು ಕುಡ್ಲ, ಇಲ್ಲಿ ಮಳೆಗಾಲದಲ್ಲೂ ಸೆಖೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಗೂಡುನೊರೆ_ಶಿವಮೊಗ್ಗ | ಭಾನುವಾರ, ರಾತ್ರಿ 8:10

ಸ್ವಲ್ಪ ನಿಲ್ಲಿ ಇಬ್ಬರೂ. ಎರಡನೇ ಫೋಟೊ ದೊಡ್ಡದು ಮಾಡಿ ನೋಡಿ. ಟ್ಯಾಂಕಿನ ಬಲಗಡೆ, ಸ್ಟ್ಯಾಂಡಿನ ಹಿಂದೆ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಕಾಣುತ್ತದೆ. ಅದರಲ್ಲಿ ಮೊದಲನೆಯದು ಏರ್ ಪಂಪಿನ ಪ್ಲಗ್. ಮೂರನೆಯದರಲ್ಲಿ ಒಂದು ಸಣ್ಣ ಕೆಂಪು ದೀಪ, ಕೆಳಗೆ ಬಾಟಲಿ. ಅದು ಸೊಳ್ಳೆ ಮೆಷಿನ್ ಅಲ್ವಾ? ಯಾವಾಗಿಂದ ಹಾಕುತ್ತಿದ್ದೀರಿ?

ಕುಕ್ಕರಹಳ್ಳಿ_77 | ಭಾನುವಾರ, ರಾತ್ರಿ 8:52

ಹೌದು ಮೇಡಂ. ಅದು ಎಲ್ಲರ ಮನೆಯಲ್ಲೂ ಇರುವುದೇ ಅಂತ ಬರೆಯಲಿಲ್ಲ. ಮಳೆ ಬಂದ ಮೇಲೆ ಸೊಳ್ಳೆ ಜಾಸ್ತಿಯಾಯಿತು. ಮಗಳಿಗೆ ಹೋದ ವರ್ಷ ಡೆಂಗಿ ಬಂದು ಐದು ದಿನ ಆಸ್ಪತ್ರೆಯಲ್ಲಿದ್ದಳು, ಪ್ಲೇಟ್‌ಲೆಟ್ ಇಳಿದು ನಾವು ಪಟ್ಟ ಪಾಡು ಹೇಳತೀರದು. ಅವಳು ಮಲಗುವುದು ಟ್ಯಾಂಕ್ ಇರುವ ಹಾಲ್‌ನಲ್ಲೇ. ಹಾಗಾಗಿ ಸಂಜೆ ಏಳಕ್ಕೆ ಕಿಟಕಿ ಮುಚ್ಚಿ ಮೆಷಿನ್ ಹಾಕಿದರೆ ಬೆಳಗ್ಗೆ ಆರಕ್ಕೆ ಆರಿಸುವುದು. ಈಗ ಲೆಕ್ಕ ಹಾಕಿದೆ, ಶುರು ಮಾಡಿ ನಾಲ್ಕು ವಾರ ಆಗಿದೆ. ಸದ್ದು ನಿಂತು ಮೂರು ವಾರ.

ಗೂಡುನೊರೆ_ಶಿವಮೊಗ್ಗ | ಭಾನುವಾರ, ರಾತ್ರಿ 9:20

ನಿಮ್ಮ ತಪ್ಪು ಅಂತ ಅಂದುಕೊಳ್ಳಬೇಡಿ, ಮಗು ಮೊದಲು. ಆದರೆ ಇದನ್ನು ಈಗಲೇ ಬದಲಾಯಿಸಿ.

ಬಾಟಲಿಯ ಹಿಂದೆ ಓದಿ, ಟ್ರಾನ್ಸ್‌ಫ್ಲುಥ್ರಿನ್ ಅಂತಲೋ ಪ್ರಾಲೆಥ್ರಿನ್ ಅಂತಲೋ ಇರುತ್ತದೆ. ಇವೆಲ್ಲ ಪೈರೆಥ್ರಾಯ್ಡ್ ಗುಂಪಿನವು. ಸೇವಂತಿಗೆ ಜಾತಿಯ ಒಂದು ಹೂವಿನಲ್ಲಿರುವ ಕೀಟನಾಶಕವನ್ನು ನೋಡಿ ಕಾರ್ಖಾನೆಯಲ್ಲಿ ಮಾಡಿದ್ದು. ಕೀಟದ ನರ ಕೆಡಿಸುವುದು ಇದರ ಕೆಲಸ. ನಮ್ಮ ಮೈ ಇದನ್ನು ಬೇಗ ಒಡೆದು ಹೊರಹಾಕುತ್ತದೆ, ಮೀನಿಗೆ ಆ ಶಕ್ತಿ ಬಹಳ ಕಡಿಮೆ. ನೀರಿನಲ್ಲಿ ಚೂರೇ ಚೂರು ಸೇರಿದರೂ ಮೀನಿಗೆ ವಿಷ. ವಾಲುವುದು, ಬೆಚ್ಚಿ ಓಡುವುದು, ಗಾಜಿಗೆ ಬಡಿಯುವುದು, ಇವೆಲ್ಲ ನರಕ್ಕೆ ಪೆಟ್ಟಾದ ಲಕ್ಷಣ. ಟಿಡಿಎಸ್‌ನಿಂದ ಹೀಗಾಗುವುದಿಲ್ಲ.

ನಿಮ್ಮ ಮನೆಯಲ್ಲಿ ಇದು ಎರಡು ದಾರಿಯಲ್ಲಿ ಒಳಗೆ ಹೋಗುತ್ತಿದೆ. ಏರ್ ಪಂಪ್ ಮೆಷಿನ್ ಪಕ್ಕದಲ್ಲೇ ಕೂತು ಆ ಗಾಳಿಯನ್ನೇ ಎಳೆದು ರಾತ್ರಿಯೆಲ್ಲ ಸ್ಪಾಂಜ್ ಮೂಲಕ ನೀರಿಗೆ ಊದುತ್ತಿದೆ. ಮೇಲೆ ಮುಚ್ಚಳ ಇಲ್ಲ, ಕಿಟಕಿ ಮುಚ್ಚಿದೆ, ಮೀನು ಮೇಲೆ ಬಂದು ಎಳೆಯುವುದೂ ಅದೇ ಗಾಳಿ. ಕಿವಿರಿನಿಂದ ಮಾತ್ರ ಉಸಿರಾಡುವ ಗಪ್ಪಿ ಆದರೆ ಒಂದೇ ದಾರಿ, ಇದಕ್ಕೆ ಎರಡು. ಕೀಟನಾಶಕ ಸ್ಪ್ರೇ ಡಬ್ಬಿಗಳ ಮೇಲೆ ಮೀನಿನ ತೊಟ್ಟಿ ಮುಚ್ಚಿ ಅಂತ ಬರೆದಿರುವುದನ್ನು ನೋಡಿರುತ್ತೀರಿ, ಅದು ಇದಕ್ಕೇ.

ಇವತ್ತು ರಾತ್ರಿಯೇ ಮೆಷಿನ್ ತೆಗೆಯಿರಿ. ಮಗಳಿಗೆ ಸೊಳ್ಳೆ ಪರದೆ ಕಟ್ಟಿ, ಡೆಂಗಿ ಸೊಳ್ಳೆ ಹಗಲು ಕಚ್ಚುವುದು ಜಾಸ್ತಿ, ಹಾಗಾಗಿ ಕಿಟಕಿಗೆ ಜಾಲರಿಯನ್ನೂ ಹಾಕಿಸಿ. ನಾಳೆಯಿಂದ ದಿನಾ ಮೂರನೇ ಒಂದು ಭಾಗ ನೀರು ಬದಲಾಯಿಸಿ, ಟ್ಯಾಂಕಿನ ನೀರಿನಷ್ಟೇ ಬಿಸಿಯ ನೀರು. ಫಿಲ್ಟರ್ ಹತ್ತಿರ ಒಂದು ಚೀಲ ಆಕ್ಟಿವೇಟೆಡ್ ಕಾರ್ಬನ್ ಇಡಿ. ಪಂಪನ್ನು ಉದ್ದ ಪೈಪ್ ಹಾಕಿ ಬೇರೆ ರೂಮಿಗೆ ಸಾಗಿಸಿ. ಗಾಜಿನ ಮುಚ್ಚಳ ಹಾಕಿ, ನೀರಿಗೂ ಮುಚ್ಚಳಕ್ಕೂ ಮಧ್ಯೆ ಮೂರು ಬೆರಳು ಜಾಗ ಇರಲಿ, ಇಲ್ಲದಿದ್ದರೆ ಉಸಿರಿಗೆ ಗಾಳಿಯೇ ಸಿಗುವುದಿಲ್ಲ.

ನೀರು_ಮೊದಲು | ಭಾನುವಾರ, ರಾತ್ರಿ 9:41

ನಮ್ಮ ಮನೆಯಲ್ಲೂ ಮೆಷಿನ್ ಇದೆ ಮೇಡಂ, ನಾಲ್ಕು ವರ್ಷದಿಂದ ಗಪ್ಪಿ, ಮಾಲಿ ಎಲ್ಲ ಆರಾಮಾಗಿವೆ. ಇದೊಂದನ್ನೇ ಕಾರಣ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಗೂಡುನೊರೆ_ಶಿವಮೊಗ್ಗ | ಭಾನುವಾರ, ರಾತ್ರಿ 9:48

ನಿಮ್ಮ ಟ್ಯಾಂಕಿಗೂ ಮೆಷಿನ್‌ಗೂ ಎಷ್ಟು ದೂರ? ಪಂಪ್ ಎಲ್ಲಿದೆ? ಕಿಟಕಿ ತೆರೆದಿರುತ್ತದಾ?

ನೀರು_ಮೊದಲು | ಭಾನುವಾರ, ರಾತ್ರಿ 9:55

ಮೆಷಿನ್ ಬೆಡ್‌ರೂಮಿನಲ್ಲಿ, ಟ್ಯಾಂಕ್ ವರಾಂಡದಲ್ಲಿ. ಆದರೂ ಟಿಡಿಎಸ್ ಇಳಿಸುವುದನ್ನು ಬಿಡಬೇಡಿ ಸರ್.

ಚಾವೋಫ್ರಾಯಾ_ಕನ್ನಡಿಗ | ಸೋಮವಾರ, ಬೆಳಗ್ಗೆ 8:30

ಗೂಡುನೊರೆ ಅವರ ಮಾತೇ ಸರಿ ಅನ್ನಿಸುತ್ತದೆ. ಒಂದು ವಿಷಯ ಸೇರಿಸುತ್ತೇನೆ. ಈ ಮೀನು ಗದ್ದೆಯಲ್ಲಿ ಸೊಳ್ಳೆ ಮರಿಗಳನ್ನೇ ತಿಂದು ಬೆಳೆಯುತ್ತದೆ. ಮೀನು ಚೇತರಿಸಿಕೊಂಡ ಮೇಲೆ ವಾರಕ್ಕೆ ಎರಡು ಸಲ ಸೊಳ್ಳೆ ಮರಿ ಕೊಡಿ, ಮೈಬಣ್ಣ ಬೇಗ ಮರಳುತ್ತದೆ. ಮರಿಗಾಗಿ ನೀರು ನಿಲ್ಲಿಸುವ ಬಕೆಟ್ಟಿಗೆ ಬಲೆ ಕಟ್ಟಿ, ಮನೆಯಲ್ಲಿ ಡೆಂಗಿ ಬಂದು ಹೋಗಿದೆ.

ಹಸಿರುಟ್ಯಾಂಕ್_ಬೆಂಗಳೂರು | ಸೋಮವಾರ, ಮಧ್ಯಾಹ್ನ 1:15

ಗೂಡುನೊರೆ ಮೇಡಂ, ವಿಟಾಟದಲ್ಲಿ ಗಂಡು ಹೆಣ್ಣು ಹೇಗೆ ಗುರುತಿಸುತ್ತೀರಿ? ನನ್ನ ಪ್ಯುಮಿಲಗಳಲ್ಲೂ ಗೊತ್ತಾಗುತ್ತಿಲ್ಲ. ಮರಿ ಮಾಡಿಸಬೇಕು ಅಂತಿದ್ದೇನೆ.

ಗೂಡುನೊರೆ_ಶಿವಮೊಗ್ಗ | ಸೋಮವಾರ, ರಾತ್ರಿ 9:02

ಎರಡಕ್ಕೂ ಒಂದೇ ಉಪಾಯ. ರೂಮಿನ ದೀಪ ಆರಿಸಿ, ಮೀನನ್ನು ಸಣ್ಣ ಗಾಜಿನ ಜಾರಿಗೆ ಹಾಕಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಮೈ ಗಾಜಿನ ಹಾಗೆ ಕಾಣುತ್ತದೆ. ಹೊಟ್ಟೆಯ ಹಿಂದೆ, ಗಾಳಿಚೀಲದ ಕೆಳಗೆ ಹಳದಿ ಮಿಶ್ರಿತ ಕೆನೆಬಣ್ಣದ ಒಂದು ತ್ರಿಕೋನ ಬಾಲದ ಕಡೆಗೆ ಚೂಪಾಗುತ್ತಾ ಹೋದರೆ ಅದು ಅಂಡಾಶಯ, ಹೆಣ್ಣು. ಆ ತ್ರಿಕೋನ ಇಲ್ಲದಿದ್ದರೆ ಗಂಡು. ಅರ್ಧ ನಿಮಿಷದಲ್ಲಿ ಮುಗಿಸಿ ವಾಪಸ್ ಬಿಡಿ. ಗಂಡು ಅಗಲ ಎಲೆಯ ಕೆಳಗೆ ನೊರೆಗೂಡು ಕಟ್ಟುತ್ತದೆ, ಅಂಥ ಗಿಡ ನಿಮ್ಮಲ್ಲಿ ಕಾಣುತ್ತಿಲ್ಲ, ಬರೀ ಕಾರ್ಪೆಟ್ ಇದೆ. ಕ್ಯಾನಿಸ್ಟರಿನ ಹರಿವೂ ಗೂಡು ಒಡೆಯುತ್ತದೆ. ಮರಿಗೆ ಬೇರೆ ಟ್ಯಾಂಕೇ ಬೇಕು. ಮುಂದಿನದಕ್ಕೆ ಹೊಸ ಚರ್ಚೆ ತೆರೆಯಿರಿ, ಇಲ್ಲಿ ಇವರ ಮೀನು ಉಳಿಯಲಿ.

ಕುಕ್ಕರಹಳ್ಳಿ_77 | ಮುಂದಿನ ಬುಧವಾರ, ರಾತ್ರಿ 8:15

ಹತ್ತು ದಿನ ಆಯಿತು, ವರದಿ ಕೊಡುತ್ತೇನೆ. ಆವತ್ತೇ ರಾತ್ರಿ ಮೆಷಿನ್ ತೆಗೆದೆ, ಮಗಳಿಗೆ ಪರದೆ ಕಟ್ಟಿದೆ. ಕಿಟಕಿಗೆ ಜಾಲರಿ ಶುಕ್ರವಾರ ಹಾಕಿಸಿದೆ. ಪಂಪ್ ಈಗ ಅಡುಗೆಮನೆ ಪಕ್ಕದ ಸ್ಟೋರಿನಲ್ಲಿದೆ. ಮುಚ್ಚಳ, ಕಾರ್ಬನ್ ಎಲ್ಲ ಆಯಿತು. ಆರ್‌ಒ ಬೆರೆಸಿದ ನೀರೇ ಹಾಕುತ್ತಿದ್ದೇನೆ, ಟಿಡಿಎಸ್ ಈಗ 240. ಮತ್ತೆ ಯಾವುದೂ ಸತ್ತಿಲ್ಲ. ಐದನೇ ದಿನದಿಂದ ಬೆಳಗ್ಗೆಯೂ ಓಡಾಡುತ್ತಿವೆ. ವಾಲುವ ಮೀನು ಪೂರ್ತಿ ನೆಟ್ಟಗಾಗಿಲ್ಲ, ಆದರೆ ತಿನ್ನುತ್ತಿದೆ.

ಇವತ್ತು ಸಂಜೆ 7:20ಕ್ಕೆ ಮಗಳು ಪರದೆಯೊಳಗಿಂದ "ಅಪ್ಪಾ, ಕೇಳು" ಅಂದಳು. ಟಿವಿ ಆರಿಸಿದೆ. ಎರಡು ಸಲ ಬಂತು. ಹತ್ತಿರ ಹೋಗಿ ನೋಡಿದರೆ ಅಂತರಗಂಗೆ ಬೇರಿನ ಕೆಳಗೆ ಎರಡು ಮೀನು ರೆಕ್ಕೆ ಬಿಚ್ಚಿ ನಿಂತಿದ್ದವು, ರೆಕ್ಕೆ ತುದಿಯ ನೀಲಿ ಚುಕ್ಕೆ ಮತ್ತೆ ಕಾಣುತ್ತಿತ್ತು. ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ.

ನೀರು_ಮೊದಲು | ಬುಧವಾರ, ರಾತ್ರಿ 8:24

ಬಹಳ ಸಂತೋಷ ಸರ್. 410ರಿಂದ 240ಕ್ಕೆ ಇಳಿದದ್ದೂ ಕೆಲಸ ಮಾಡಿದೆ ಅಂತ ನಾನು ಈಗಲೂ ನಂಬುತ್ತೇನೆ.

ತೋಡುಮೀನು_ಕುಡ್ಲ | ಬುಧವಾರ, ರಾತ್ರಿ 8:40

ಮುಚ್ಚಳವನ್ನೂ ಸೇರಿಸಿ ಮಾರಾಯ್ರೆ. ಮೀನು ಉಳಿಯಿತಲ್ಲ, ಅಷ್ಟು ಸಾಕು. ನನ್ನ ತೊಟ್ಟಿ ಅಳೆದೆ, ಟಿಡಿಎಸ್ 165.

ಹೊಸಬ_ಹಾಸನ | ಬುಧವಾರ, ರಾತ್ರಿ 10:58

ಇದನ್ನೆಲ್ಲ ಓದಿ ಭಯವಾಯಿತು. ನನ್ನ ಫೈಟರ್ ಬೌಲ್ ದೇವರ ಮನೆ ಪಕ್ಕದ ಶೆಲ್ಫಿನಲ್ಲಿದೆ, ಬೆಳಗ್ಗೆ ಸಂಜೆ ಊದುಬತ್ತಿ ಹಚ್ಚುತ್ತೇವೆ. ಒಂದು ವಾರದಿಂದ ತಳದಲ್ಲೇ ಮಲಗಿದೆ. ನೀರು ಸರಿಯಾಗಿಯೇ ಇದೆ.

ಗೂಡುನೊರೆ_ಶಿವಮೊಗ್ಗ | ಬುಧವಾರ, ರಾತ್ರಿ 11:06

ಬೌಲನ್ನು ಈಗಲೇ ಬೇರೆ ರೂಮಿಗೆ ಇಡಿ. ಬೌಲ್ ಎಷ್ಟು ಲೀಟರ್, ನೀರು ಯಾವಾಗ ಬದಲಾಯಿಸಿದಿರಿ, ಅಮೋನಿಯಾ ಎಷ್ಟು, ಮೂರನ್ನೂ ಬರೆದು ಹೊಸ ಚರ್ಚೆ ಹಾಕಿ. ಶೆಲ್ಫಿನ ಫೋಟೊ ಮರೆಯಬೇಡಿ.